ಹದಿಮೂರು ನಿಮಿಷಗಳಿಗಾಗಿ ಮೂರು ದಿನ

ಗುರುವಾರ ರಾತ್ರಿ ಹತ್ತೂವರೆ ಗಂಟೆ. ಬೆಂಗಳೂರಿನ ಬಡಾವಣೆಯೊಂದರ ಕಿರುಬೀದಿಯಲ್ಲಿ ಮನೆಗಳ ದೀಪಗಳು ಒಂದೊಂದಾಗಿ ಆರುತ್ತಿವೆ. ಒಂದು ಮನೆಯ ಮುಂದೆ ಮಾತ್ರ ಸಣ್ಣದೊಂದು ಸರಕುಗಾಡಿ ಹಿಂಬಾಗಿಲು ತೆರೆದು ನಿಂತಿದೆ. ಇಬ್ಬರು ಸೇರಿ ಮೋಟಾರು ಸೈಕಲ್ಲೊಂದನ್ನು ಹಲಗೆಯ ಮೇಲಿಂದ ಅದರೊಳಕ್ಕೆ ತಳ್ಳುತ್ತಿದ್ದಾರೆ. ಆ ಸೈಕಲ್ಲಿಗೆ ಮುಂದೀಪವಿಲ್ಲ, ಕನ್ನಡಿಯಿಲ್ಲ, ಹಾರ್ನಿಲ್ಲ, ನಿಲ್ಲಿಸಲು ಸ್ಟ್ಯಾಂಡು ಕೂಡ ಇಲ್ಲ. ದಾರಿಯಲ್ಲಿ ಓಡಾಡುವ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟ ವಾಹನ ಅದು. ಆದುದರಿಂದಲೇ ಸವಾರನನ್ನು ಹೊತ್ತು ಸಾಗಬೇಕಾದ ಗಾಡಿ ತಾನೇ ಇನ್ನೊಂದು ಗಾಡಿಯ ಹೊರೆಯಾಗಿ ಮುನ್ನೂರು ಕಿಲೋಮೀಟರು ಪ್ರಯಾಣ ಮಾಡಬೇಕಾಗಿದೆ.

“ಮತ್ತೆ ಮದರಾಸಿಗೇನಯ್ಯಾ?” ಎಂದು ಎದುರುಮನೆಯ ಯಜಮಾನರು ಮಹಡಿಯ ಮೇಲಿನಿಂದ ಕೇಳುತ್ತಾರೆ.

“ಹೌದು ಸಾರ್, ಭಾನುವಾರ ರಾತ್ರಿ ಬಂದುಬಿಡುತ್ತೇನೆ.”

ಯಜಮಾನರು ತಲೆಯಾಡಿಸಿ ಒಳಗೆ ಹೋಗುತ್ತಾರೆ. ಆ ತಲೆಯಾಟದಲ್ಲಿ ಮೆಚ್ಚುಗೆ ಎಷ್ಟು, ಮರುಕ ಎಷ್ಟು ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ.

ಹೀಗೆ ಹೊರಟಿರುವ ತರುಣನಿಗೆ ಇಲ್ಲಿ ಹೆಸರಿಡಬೇಕಾದ ಅಗತ್ಯವಿಲ್ಲ. ಆತ ಒಬ್ಬನಲ್ಲ, ಹಲವರು. ವಾರದ ಐದು ದಿನ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ವರ್ಷದಲ್ಲಿ ಕೆಲವು ವಾರಾಂತ್ಯಗಳನ್ನು ಮಾತ್ರ ಪಂದ್ಯಪಥಕ್ಕೆ ಮೀಸಲಿಡುವ ಹವ್ಯಾಸಿ ಸವಾರರೆಲ್ಲರ ಪ್ರತಿನಿಧಿಯಾಗಿ ಆತ ಈ ಪುಟಗಳಲ್ಲಿ ನಿಂತಿದ್ದಾನೆ. ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ, ವಯಸ್ಸು ಇಪ್ಪತ್ತೊಂಬತ್ತು, ಮದುವೆಯಾಗಿ ಎರಡು ವರ್ಷ. ಶುಕ್ರವಾರಕ್ಕೆ ರಜೆ ಬರೆದುಕೊಟ್ಟಿದ್ದಾನೆ.

ಮಡದಿ ಪುಳಿಯೋಗರೆಯ ಡಬ್ಬಿಯನ್ನು ತಂದು ಗಾಡಿಯ ಮುಂಭಾಗದಲ್ಲಿಡುತ್ತಾಳೆ. ಹೋಗಬೇಡಿ ಎಂದು ಆಕೆ ಒಮ್ಮೆಯೂ ಹೇಳಿದವಳಲ್ಲ. ಆದರೆ ಒಂದು ಕರಾರು ಮಾತ್ರ ಉಂಟು. ಹೊರಡುವಾಗಲೆಲ್ಲ ಅದನ್ನು ನೆನಪಿಸುತ್ತಾಳೆ:

“ಗೆದ್ದರೆ ಮಾರನೆಯ ದಿನ ಹೇಳಿದರೂ ಆದೀತು. ಬಿದ್ದರೆ ಮಾತ್ರ ಆಗಿಂದಾಗಲೇ ಹೇಳಬೇಕು. ಮುಚ್ಚಿಡಬಾರದು.”

ವಿಮಾನಗಳ ಬಯಲಿನಿಂದ ಪಂದ್ಯಪಥಕ್ಕೆ

ಗಾಡಿ ಸಾಗುವುದು ಶ್ರೀಪೆರುಂಬುದೂರಿನ ಕಡೆಗೆ. ಕನ್ನಡಿಗರಿಗೆ ಆ ಊರು ಅಪರಿಚಿತವೇನೂ ಅಲ್ಲ. ಮೇಲುಕೋಟೆಯಲ್ಲಿ ನೆಲಸಿ ಅದನ್ನು ಪುಣ್ಯಕ್ಷೇತ್ರವಾಗಿ ಬೆಳಗಿಸಿದ ರಾಮಾನುಜಾಚಾರ್ಯರ ಜನ್ಮಸ್ಥಳ ಅದು. ಅಲ್ಲಿಂದ ಚೆನ್ನೈ ದಿಕ್ಕಿಗೆ ಮುಂದುವರಿದರೆ ಹೆದ್ದಾರಿಯ ಬದಿಯಲ್ಲಿ ಸಿಗುವ ಇರುಂಗಟ್ಟುಕೋಟೈ ಎಂಬಲ್ಲಿ 1990ರಿಂದ ಮೋಟಾರು ಪಂದ್ಯಗಳಿಗೆಂದೇ ಕಟ್ಟಿದ ಪಥವೊಂದಿದೆ. ಅದರ ಸುತ್ತಳತೆ 3.717 ಕಿಲೋಮೀಟರು, ತಿರುವುಗಳು ಹನ್ನೆರಡು.

ಅದಕ್ಕೂ ಮೊದಲು ದಕ್ಷಿಣ ಭಾರತದ ಮೋಟಾರು ಪಂದ್ಯಗಳೆಂದರೆ ಶೋಲಾವರಂ ಎಂಬ ಹೆಸರೇ ನೆನಪಿಗೆ ಬರುತ್ತಿತ್ತು. ಮದರಾಸಿನ ಉತ್ತರಕ್ಕಿರುವ ಆ ಬಯಲಿನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ವಿಮಾನಗಳಿಗಾಗಿ ಓಡುದಾರಿಯನ್ನು ನಿರ್ಮಿಸಿದ್ದರು. ಯುದ್ಧ ಮುಗಿದ ಮೇಲೆ ಬರಿದಾಗಿ ಬಿದ್ದಿದ್ದ ಆ ನೆಲದ ಮೇಲೆ, 1953ರಲ್ಲಿ ಸ್ಥಾಪನೆಯಾದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ವರ್ಷವರ್ಷವೂ ಪಂದ್ಯಗಳನ್ನು ನಡೆಸುತ್ತ ಬಂದರು. 1980ರ ದಶಕದವರೆಗೂ ಆ ಜಾತ್ರೆ ನಡೆಯಿತು. ಬೆಂಗಳೂರಿನ ಸವಾರರೂ ಗಾಡಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು.

ಆ ಕಾಲದ ಮೋಟಾರು ಸೈಕಲ್ಲುಗಳಲ್ಲಿ ಕರ್ನಾಟಕದ ಪಾಲೂ ದೊಡ್ಡದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಹೊರಬರತೊಡಗಿದ ಜಾವಾ ಗಾಡಿಗಳೂ, ಅನಂತರದ ಯೆಜ್ಡಿಗಳೂ ಎಷ್ಟೋ ಮನೆಗಳ ಅಂಗಳದಲ್ಲಿ ನಿಂತಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್‌ಎಕ್ಸ್ 100 ಎಂಬ ಹಗುರವಾದ ಗಾಡಿಯಂತೂ ಒಂದು ತಲೆಮಾರಿನ ಹವ್ಯಾಸಿಗಳಿಗೆ ಪಂದ್ಯದ ಅಕ್ಷರಾಭ್ಯಾಸ ಮಾಡಿಸಿತು. ಇಂದು ಸರಕುಗಾಡಿಯಲ್ಲಿ ಮಲಗಿರುವ ನಮ್ಮ ತರುಣನ ಸೈಕಲ್ಲು ಆ ವಂಶದ್ದಲ್ಲ. ಆದರೆ ಅದನ್ನು ಹದಗೊಳಿಸಿದ ಮೆಕ್ಯಾನಿಕ್ಕಿನ ಕೈ ಮಾತ್ರ ಪಳಗಿದ್ದು ಆ ಹಳೆಯ ಗಾಡಿಗಳ ಮೇಲೆಯೇ. ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲನ್ನು ಅಂಗೈಯಂತೆ ಬಲ್ಲ ಆ ಹಿರಿಯನೂ ಜೊತೆಗೆ ಹೊರಟಿದ್ದಾನೆ.

ಈ ಹಾದಿಯಲ್ಲಿ ನಡೆದು ದೂರ ತಲುಪಿದವರು ಇಲ್ಲದಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದುರ್ಗಮವಾದ ಡಕಾರ್ ರ್‍ಯಾಲಿಯನ್ನು ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯ ಎನಿಸಿಕೊಂಡರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಗೆದ್ದರು. ಆದರೆ ಒಬ್ಬ ಸಂತೋಷ್, ಒಬ್ಬ ಐಶ್ವರ್ಯಾ ಹೊರಹೊಮ್ಮಬೇಕಾದರೆ ಯಾವ ಪತ್ರಿಕೆಯಲ್ಲಿಯೂ ಹೆಸರು ಬಾರದ ನೂರಾರು ಮಂದಿ ಇಂಥ ಗುರುವಾರ ರಾತ್ರಿಗಳಲ್ಲಿ ಮನೆ ಬಿಟ್ಟು ಹೊರಡಬೇಕಾಗುತ್ತದೆ. ಸಂಗೀತ ಕಲಿತವರೆಲ್ಲ ಸಭೆಯಲ್ಲಿ ಹಾಡುವುದಿಲ್ಲ. ಹಾಗೆಂದು ಶ್ರುತಿಪೆಟ್ಟಿಗೆಯನ್ನು ಅಟ್ಟಕ್ಕೇರಿಸುವವರೂ ಕಡಮೆ.

ಶುಕ್ರವಾರ: ತಂತಿಯ ಗಂಟುಗಳು, ಬಣ್ಣದ ಬಾವುಟಗಳು

ಪಂದ್ಯಪಥದ ಮೊದಲ ಕೆಲಸ ಓಡಿಸುವುದಲ್ಲ, ತೋರಿಸುವುದು. ರಾಷ್ಟ್ರೀಯ ಮಂಡಲಿಯ ಪರವಾನಗಿ, ವೈದ್ಯರ ಪ್ರಮಾಣಪತ್ರ ಮೊದಲಾದ ಕಾಗದಗಳ ಪರಿಶೀಲನೆ ಮುಗಿದ ಮೇಲೆ ಗಾಡಿಯ ಸರದಿ. ಪರೀಕ್ಷಕ ಮಂಡಿಯೂರಿ ಕುಳಿತು ಎಂಜಿನ್ನಿನ ಅಡಿಭಾಗವನ್ನು ನೋಡುತ್ತಾನೆ. ಎಣ್ಣೆಯ ಬಿರಟೆ ಸಡಿಲವಾಗಿ ಕಳಚಿಬೀಳದಂತೆ ಅದಕ್ಕೆ ಸಣ್ಣ ಉಕ್ಕಿನ ತಂತಿಯನ್ನು ಸುತ್ತಿ ಬಿಗಿದಿರಬೇಕು. ಪಥದ ಮೇಲೆ ಎಣ್ಣೆ ಚೆಲ್ಲಿದರೆ ಅದು ಚೆಲ್ಲಿದವನಿಗಿಂತ ಹಿಂದೆ ಬರುವವನಿಗೆ ಮೃತ್ಯು. ಈ ತಂತಿಯ ಗಂಟುಗಳನ್ನು ನಮ್ಮ ತರುಣ ಮನೆಯಲ್ಲಿ ಮೂರು ರಾತ್ರಿ ಕುಳಿತು ಕಟ್ಟಿದ್ದಾನೆ. ಬೆರಳ ತುದಿಗಳಲ್ಲಿ ಇನ್ನೂ ಅದರ ಗಾಯಗಳಿವೆ.

ಆಮೇಲೆ ಉಡುಪಿನ ಪರೀಕ್ಷೆ. ಮೈಗಂಟಿಕೊಳ್ಳುವ ದಪ್ಪ ಚರ್ಮದ ಅಂಗಿ, ಕೈಗವಸು, ಎತ್ತರದ ಬೂಟು, ಬೆನ್ನುಹುರಿಗೆ ರಕ್ಷೆ, ಗದ್ದದ ಕೆಳಗೆ ಎರಡು ಉಂಗುರಗಳ ಮೂಲಕ ಪಟ್ಟಿಯನ್ನು ಬಿಗಿಯುವ ಶಿರಸ್ತ್ರಾಣ. ಇದಕ್ಕೆಲ್ಲ ಹತ್ತಾರು ಸಾವಿರ ರೂಪಾಯಿಗಳ ವೆಚ್ಚ. ಮನೆಗೆ ಹೊಸ ಬೀರು ಬರಬೇಕಾಗಿದ್ದ ವರ್ಷ ಈ ಚರ್ಮದ ಅಂಗಿ ಬಂತು. ಆ ಮಾತನ್ನು ಮಡದಿ ಎತ್ತುವುದಿಲ್ಲ. ಆದರೆ ಹಳೆಯ ಬೀರುವಿನ ಬಾಗಿಲು ಕಿರ್ರೆಂದಾಗಲೆಲ್ಲ ಆತನಿಗೇ ನೆನಪಾಗುತ್ತದೆ.

ಅನಂತರ ಸವಾರರೆಲ್ಲರನ್ನೂ ಕೂಡಿಸಿ ಬಾವುಟಗಳ ಪಾಠ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕಬಾರದು. ಹಳದಿಯಲ್ಲಿ ಕೆಂಪು ಪಟ್ಟೆಗಳಿದ್ದರೆ ನೆಲ ಜಾರುತ್ತದೆ. ನೀಲಿಯಾದರೆ ನಿನಗಿಂತ ವೇಗವುಳ್ಳವನು ಹಿಂದೆ ಬರುತ್ತಿದ್ದಾನೆ. ಕೆಂಪಾದರೆ ಎಲ್ಲವೂ ನಿಂತಿತು. ಕಪ್ಪು ಬಾವುಟದೊಡನೆ ನಿನ್ನ ಸಂಖ್ಯೆ ಕಂಡರೆ ನೀನು ಹೊರಗೆ ಬರಬೇಕು. ಕಪ್ಪು ಬಿಳಿ ಚೌಕಳಿಯದು ಕೊನೆಯದು. ಅದನ್ನು ಕಾಣುವುದಕ್ಕೇ ಎಲ್ಲರೂ ಬಂದಿರುವುದು. ಹೊಸಬರೂ ಹಳಬರೂ ಇದನ್ನು ಶಾಲೆಯ ಮಕ್ಕಳಂತೆ ಕೇಳುತ್ತಾರೆ. ಗಂಟೆಗೆ ನೂರಾರು ಕಿಲೋಮೀಟರು ವೇಗದಲ್ಲಿ ಒಬ್ಬರೊಡನೊಬ್ಬರು ಮಾತನಾಡಲು ಬೇರೆ ಭಾಷೆಯಿಲ್ಲ.

ಮಧ್ಯಾಹ್ನ ಅಭ್ಯಾಸಕ್ಕೆ ಪಥ ತೆರೆಯುತ್ತದೆ. ನೋಡಲು ನಿಂತವರಿಗೆ ಬರಿಯ ಸದ್ದು, ಬರಿಯ ವೇಗ. ಸವಾರನಿಗೆ ಮಾತ್ರ ಅದು ಲೆಕ್ಕಾಚಾರ. ಗಂಟೆಗೆ 140 ಕಿಲೋಮೀಟರು ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 39 ಮೀಟರು ಸಾಗುತ್ತದೆ. ಬ್ರೇಕು ಹಿಡಿಯುವುದು ಕಾಲು ಸೆಕೆಂಡು ತಡವಾದರೆ ಗಾಡಿ ಹತ್ತು ಮೀಟರು ಮುಂದೆ ಹೋಗಿರುತ್ತದೆ. ಆದುದರಿಂದ ಪ್ರತಿಯೊಂದು ತಿರುವಿಗೂ ಮುಂಚೆ ಸವಾರ ತನಗೊಂದು ಗುರುತನ್ನು ಇಟ್ಟುಕೊಳ್ಳುತ್ತಾನೆ. ಒಂದು ಫಲಕ, ನೆಲದ ಮೇಲಿನ ಒಂದು ಕಲೆ, ಅಂಚಿನ ಬಣ್ಣ ಮಾಸಿದ ಒಂದು ಕಲ್ಲು. ಅಲ್ಲಿಗೆ ಬಂದೊಡನೆ ಬ್ರೇಕು. ಅದಕ್ಕಿಂತ ಮುಂಚೆ ಹಿಡಿದರೆ ನಷ್ಟ, ಆಮೇಲೆ ಹಿಡಿದರೆ ಅಪಾಯ.

ತಿರುವಿನ ಗಣಿತ ಇನ್ನೂ ಸೋಜಿಗದ್ದು. 64 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 90 ಕಿಲೋಮೀಟರು ವೇಗದಿಂದ ಸಾಗಬೇಕಾದರೆ ಸವಾರನೂ ಗಾಡಿಯೂ ಸೇರಿ ಸುಮಾರು 45 ಡಿಗ್ರಿಗಳಷ್ಟು ಒಳಕ್ಕೆ ಬಾಗಬೇಕು. ವೇಗವನ್ನು ನೂರಕ್ಕೆ ಏರಿಸಿದರೆ ಬಾಗು 51 ಡಿಗ್ರಿಗೆ ಏರುತ್ತದೆ. ಅಷ್ಟೆಲ್ಲ ಭಾರವನ್ನೂ ಹಿಡಿದು ನಿಲ್ಲಿಸುವುದು ಎರಡು ಟೈರುಗಳ ಅಂಗೈಯಗಲದ ಎರಡು ತುಣುಕುಗಳು ಮಾತ್ರ. ಸವಾರ ಮೈಯನ್ನು ಆಸನದಿಂದ ಒಳಬದಿಗೆ ಜಾರಿಸಿ, ಮಂಡಿಯನ್ನು ನೆಲಕ್ಕೆ ತಾಕಿಸುವುದು ಠೀವಿಗಾಗಿ ಅಲ್ಲ. ತನ್ನ ಭಾರ ಒಳಗಾದಷ್ಟೂ ಗಾಡಿಯ ಬಾಗನ್ನು ಕೊಂಚ ಕಡಮೆ ಮಾಡಬಹುದು; ಮಂಡಿ ಕುರುಡನ ಕೋಲಿನಂತೆ ನೆಲದ ದೂರವನ್ನು ಅಳೆದು ಹೇಳುತ್ತದೆ.

ಈ ಎಲ್ಲದರ ನಡುವೆ ಟೈರಿಗೆ ಒಂದು ಕಟ್ಟಳೆಯಿದೆ. ಅದರಲ್ಲಿರುವ ಹಿಡಿತ ಮಿತವಾದುದು. ಅದನ್ನು ಬ್ರೇಕಿಗಾಗಿ ವೆಚ್ಚ ಮಾಡಿದರೆ ಬಾಗುವುದಕ್ಕೆ ಉಳಿಯುವುದಿಲ್ಲ. ಬಾಗುವುದಕ್ಕೆ ವೆಚ್ಚ ಮಾಡಿದರೆ ಬ್ರೇಕಿಗೆ ಉಳಿಯುವುದಿಲ್ಲ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ಈ ತತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಶುಕ್ರವಾರ ಸಂಜೆ ಆತನ ದಿನಚರಿಯಲ್ಲಿ ಬರೆದ ಕಾಲ: ಒಂದು ಸುತ್ತಿಗೆ 2 ನಿಮಿಷ 15 ಸೆಕೆಂಡು.

ಶನಿವಾರ: ದೂರವಾಣಿಯ ಕರಾರು

ಶನಿವಾರ ಬೆಳಗ್ಗೆ ಅರ್ಹತಾ ಪರೀಕ್ಷೆ. ಯಾರು ಮುಂದಿನ ಸಾಲಿನಲ್ಲಿ, ಯಾರು ಹಿಂದಿನ ಸಾಲಿನಲ್ಲಿ ಎಂಬುದು ನಿರ್ಧಾರವಾಗುವುದು ಇಲ್ಲಿಯೇ. ಗಾಡಿಗೆ ಅಂಟಿಸಿದ ಚಿಕ್ಕ ಯಂತ್ರವೊಂದು ಪ್ರತಿ ಸುತ್ತಿನ ಕಾಲವನ್ನೂ ತಾನಾಗಿಯೇ ದಾಖಲೆ ಮಾಡುತ್ತದೆ. ಮೋಸಕ್ಕೂ ಮಮತೆಗೂ ಅಲ್ಲಿ ಎಡೆಯಿಲ್ಲ.

ಎರಡನೆಯ ಸುತ್ತನ್ನು ಆತ 2 ನಿಮಿಷ 14.6 ಸೆಕೆಂಡುಗಳಲ್ಲಿ ಮುಗಿಸಿದ. ಮೂರನೆಯ ಸುತ್ತಿನಲ್ಲಿ ನೀಲಿ ಗಾಡಿಯ ಸವಾರನೊಬ್ಬ ಆತನನ್ನು ದಾಟಿ ಮುಂದೆ ಹೋದ. ಹಿಂಬಾಲಿಸಿದರೆ ತನ್ನ ವೇಗವೂ ಹೆಚ್ಚೀತೆಂಬ ಆಸೆ ಹುಟ್ಟಿತು. ಮುಂದಿನವನು ಬ್ರೇಕು ಹಿಡಿಯುವವರೆಗೆ ತಾನೂ ಹಿಡಿಯಲಿಲ್ಲ. ತನ್ನ ಗುರುತಿನ ಕಲ್ಲು ಹಿಂದೆ ಸರಿದುಹೋದದ್ದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ತಿರುವು ಬಂದಾಗ ಗಾಡಿ ಬಾಗಿತ್ತು, ಬ್ರೇಕಿನ ಮೇಲೆ ಬೆರಳೂ ಬಿಗಿಯಾಗಿತ್ತು. ಟೈರು ಎರಡೂ ಸಾಲಗಾರರಿಗೆ ಒಟ್ಟಿಗೆ ಕೊಡಲಾರದೆ ಕೈಚೆಲ್ಲಿತು. ಮುಂದಿನ ಚಕ್ರ ಜಾರಿ, ಗಾಡಿ ಬಲಮಗ್ಗುಲಿಗೆ ಮಲಗಿ, ಸವಾರನೂ ಅದೂ ಬೇರೆ ಬೇರೆಯಾಗಿ ಪಥದಿಂದ ಹೊರಗೆ ಮಣ್ಣಿನ ಕಡೆಗೆ ಜಾರಿಹೋದರು.

ಹಳದಿ ಬಾವುಟಗಳು ಎದ್ದವು. ಮಾರ್ಷಲ್‌ಗಳು ಓಡಿಬಂದರು. ಆತ ತಾನಾಗಿಯೇ ಎದ್ದು ನಿಂತ. ಮೊಣಕೈಯ ಬಳಿ ಚರ್ಮದ ಅಂಗಿ ಉಜ್ಜಿ ಬೆಳ್ಳಗಾಗಿತ್ತು. ಒಳಗಿನ ಚರ್ಮ ತರಚಿತ್ತು, ಅಷ್ಟೆ. ಆ ದಿನ ಹೊಸ ಬೀರುವಿನ ಬೆಲೆ ತೀರಿತು.

ಪಂದ್ಯಪಥದಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಹೀಗೆ ಎದ್ದು ಬರುತ್ತಾರೆ. ಎದುರಿನಿಂದ ವಾಹನ ಬರುವುದಿಲ್ಲ. ಅಂಚಿನಲ್ಲಿ ಮರವಿಲ್ಲ, ದೀಪದ ಕಂಬವಿಲ್ಲ. ವೈದ್ಯರೂ ಆಂಬುಲೆನ್ಸೂ ಕಾದು ನಿಂತಿರುತ್ತವೆ. ಆದರೆ ಇದನ್ನು ನಿರಪಾಯವಾದ ವಿನೋದವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 2023ರ ಆಗಸ್ಟ್ 5ರಂದು ಇದೇ ಪಥದಲ್ಲಿ, ರಾಷ್ಟ್ರೀಯ ಪಂದ್ಯಾವಳಿಯ ವೇಳೆಯಲ್ಲಿ, ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬಿದ್ದು ತಲೆಗೆ ತೀವ್ರವಾದ ಪೆಟ್ಟಾಗಿ ತೀರಿಕೊಂಡ. ವಾರಾಂತ್ಯದ ಉಳಿದ ಪಂದ್ಯಗಳನ್ನು ರದ್ದುಪಡಿಸಿದರು. ಚರ್ಮದ ಅಂಗಿಯೂ ಶಿರಸ್ತ್ರಾಣವೂ ಬಾವುಟಗಳೂ ಅಪಾಯವನ್ನು ಕುಗ್ಗಿಸುತ್ತವೆ, ಅಳಿಸುವುದಿಲ್ಲ. ಪಥಕ್ಕಿಳಿಯುವ ಪ್ರತಿಯೊಬ್ಬ ಸವಾರನಿಗೂ ಇದು ಗೊತ್ತು. ಮನೆಯಲ್ಲಿ ಕುಳಿತು ಕಾಯುವವರಿಗೆ ಇನ್ನೂ ಚೆನ್ನಾಗಿ ಗೊತ್ತು.

ವೈದ್ಯರು ಪರೀಕ್ಷಿಸಿ, ಕಣ್ಣಿಗೆ ದೀಪ ಹಿಡಿದು ನೋಡಿ, ಕೈ ಮಡಿಸಿ ಬಿಡಿಸಿ, ಓಡಿಸಬಹುದೆಂದು ಒಪ್ಪಿಗೆ ಕೊಟ್ಟರು. ಆತ ಗಾಡಿಗಳ ಸಾಲಿನ ಹಿಂದೆ ನೆರಳಿಗೆ ಹೋಗಿ ಫೋನನ್ನು ಕೈಗೆತ್ತಿಕೊಂಡ. ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದ. ಮಧ್ಯಾಹ್ನದ ಪಂದ್ಯ ಮುಗಿದ ಮೇಲೆ ಹೇಳಿದರಾಗದೇ ಎಂಬ ಯೋಚನೆ ಬಂದಿರಲಾರದು ಎನ್ನುವಂತಿಲ್ಲ.

“ಬಿದ್ದೆ,” ಎಂದ.

ಆ ಕಡೆಯಿಂದ ಕೆಲವು ಕ್ಷಣ ಮಾತಿಲ್ಲ.

“ಪೆಟ್ಟೆಲ್ಲಿ?”

“ಮೊಣಕೈ ತರಚಿದೆ. ಡಾಕ್ಟರು ನೋಡಿದರು. ಬೇರೇನೂ ಇಲ್ಲ.”

“ನಿಜವಾಗಿಯೂ ಬೇರೇನೂ ಇಲ್ಲವೇ?”

“ನಿಜ.”

“ಯಾಕೆ ಬಿದ್ದಿರಿ?”

ಈ ಪ್ರಶ್ನೆಯನ್ನು ಆತ ನಿರೀಕ್ಷಿಸಿರಲಿಲ್ಲ. ಟೈರು ತಣ್ಣಗಿತ್ತು ಎನ್ನಬಹುದಾಗಿತ್ತು. ನೆಲದ ಮೇಲೆ ಮರಳಿತ್ತು ಎನ್ನಬಹುದಾಗಿತ್ತು. ಸವಾರರ ಬತ್ತಳಿಕೆಯಲ್ಲಿ ಇಂಥ ಉತ್ತರಗಳಿಗೆ ಬರವಿಲ್ಲ.

“ಮುಂದಿದ್ದವನನ್ನು ನೋಡಿಕೊಂಡು ಬ್ರೇಕು ಹಿಡಿದೆ. ನನ್ನ ಗುರುತನ್ನು ನೋಡಲಿಲ್ಲ.”

“ಹಾಗಾದರೆ ನಾಳೆ ಅವರನ್ನು ನೋಡಬೇಡಿ,” ಎಂದಳು ಆಕೆ. “ಊಟ ಮಾಡಿದಿರಾ?”

ಇತ್ತ ಮೆಕ್ಯಾನಿಕ್ ಮುರಿದದ್ದನ್ನೆಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿದ್ದ. ಮುಂದಿನ ಬ್ರೇಕಿನ ಹಿಡಿ ತುಂಡಾಗಿತ್ತು. ಬಲಗಾಲಿನ ಆಸರೆ ಬಾಗಿತ್ತು. ಆಸರೆಯನ್ನು ಬಡಿದು ನೇರ ಮಾಡಬಹುದು. ಹಿಡಿಗೆ ಏನು ಮಾಡುವುದು? ತಂದಿದ್ದ ಬದಲಿ ಹಿಡಿ ಕ್ಲಚ್ಚಿನದು. ಆಗ ಪಕ್ಕದ ಡೇರೆಯಿಂದ ಕೊಯಮತ್ತೂರಿನ ಕಡೆಯ ಹುಡುಗನೊಬ್ಬ ಮಾತಿಲ್ಲದೆ ಬಂದು ಒಂದು ಹಿಡಿಯನ್ನು ಚಾಚಿದ. ಬೆಳಗಿನ ಪಟ್ಟಿಯಲ್ಲಿ ಆ ಹುಡುಗ ಆತನಿಗಿಂತ ಎರಡೇ ಸ್ಥಾನ ಮೇಲಿದ್ದವನು. ಮಧ್ಯಾಹ್ನ ತನ್ನನ್ನು ಹಿಂದಿಕ್ಕಲು ಬರುವವನಿಗೆ ತಾನೇ ಬ್ರೇಕನ್ನು ಕೊಡುವುದು ವಿಚಿತ್ರವೆನಿಸಬಹುದು. ಹವ್ಯಾಸಿಗಳ ಲೋಕದಲ್ಲಿ ಇದು ದಿನನಿತ್ಯದ ಮಾತು. ಸಂಬಳಕ್ಕೆ ಸವಾರಿ ಮಾಡುವವರಿಗೆ ಸಂಸ್ಥೆಯ ಬೆಂಬಲವಿದೆ, ಬಿಡಿಭಾಗಗಳ ಪೆಟ್ಟಿಗೆಗಳಿವೆ. ಹವ್ಯಾಸಿಗೆ ಇರುವುದು ಪಕ್ಕದ ಡೇರೆ ಮಾತ್ರ.

ದುರಸ್ತಿಯಾದ ಗಾಡಿಯನ್ನು ಪರೀಕ್ಷಕರು ಮತ್ತೊಮ್ಮೆ ನೋಡಿದರು. ಮಧ್ಯಾಹ್ನದ ಪಂದ್ಯದಲ್ಲಿ ಹದಿನೆಂಟು ಮಂದಿಯ ನಡುವೆ ಆತ ಹದಿನೈದನೆಯವನಾಗಿ ಹೊರಟು ಹದಿನಾಲ್ಕನೆಯವನಾಗಿ ಮುಗಿಸಿದ. ಬಿದ್ದ ತಿರುವು ಬಂದಾಗಲೆಲ್ಲ ಬೆರಳು ತಾನಾಗಿಯೇ ಮುಂಚಿತವಾಗಿ ಬ್ರೇಕಿನತ್ತ ಹೋಗುತ್ತಿತ್ತು. ಭಯ ಹಾಗೆಯೇ, ಬೇಕಾದಾಗ ಬರುವುದಿಲ್ಲ, ಬಂದಮೇಲೆ ಬೇಗ ಹೋಗುವುದಿಲ್ಲ.

ರಾತ್ರಿ ಪುಳಿಯೋಗರೆಯ ಡಬ್ಬಿ ಬರಿದಾಗಿತ್ತು. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಮೆಕ್ಯಾನಿಕ್ ಕೇಳಿದ: “ಆ ತಿರುವಿಗೆ ನಾಳೆ ಏನು ಮಾಡ್ತೀಯಪ್ಪ?”

“ನನ್ನ ಗುರುತಿಗೇ ಹಿಡಿಯುತ್ತೇನೆ. ಮುಂಚೆಯೂ ಅಲ್ಲ, ಆಮೇಲೂ ಅಲ್ಲ.”

“ಅಷ್ಟು ಮಾಡು ಸಾಕು,” ಎಂದು ಹಿರಿಯ ಇನ್ನೊಂದು ದೋಸೆಗೆ ಹೇಳಿದ.

ಭಾನುವಾರ: ಆರು ಸುತ್ತುಗಳು

ಭಾನುವಾರದ ಪಂದ್ಯ ಆರು ಸುತ್ತುಗಳದು. ಒಟ್ಟು ದೂರ 22 ಕಿಲೋಮೀಟರಿಗೆ ಕೊಂಚ ಹೆಚ್ಚು. ಕಾಲ ಹದಿಮೂರು ನಿಮಿಷ ಮತ್ತು ಕೆಲವು ಸೆಕೆಂಡುಗಳು. ಈ ಹದಿಮೂರು ನಿಮಿಷಗಳಿಗಾಗಿ ರಜೆ, ಈ ಹದಿಮೂರು ನಿಮಿಷಗಳಿಗಾಗಿ ಸಾಲ, ಈ ಹದಿಮೂರು ನಿಮಿಷಗಳಿಗಾಗಿ ಹಳೆಯ ಬೀರು.

ಕೆಂಪು ದೀಪಗಳು ಉರಿದವು. ಹದಿನೆಂಟು ಎಂಜಿನ್ನುಗಳ ಸದ್ದು ಒಂದಾಗಿ ಎದೆಗೂಡನ್ನು ನಡುಗಿಸಿತು. ದೀಪಗಳು ಆರಿದವು. ಮೊದಲನೆಯ ತಿರುವಿಗೆ ಹದಿನೆಂಟು ಗಾಡಿಗಳೂ ಒಂದೇ ಬಾಗಿಲಲ್ಲಿ ನುಗ್ಗುವ ಸಂತೆಯ ಜನರಂತೆ ಒತ್ತೊತ್ತಾಗಿ ನುಗ್ಗಿದವು. ಈ ಪಂದ್ಯದ ಅತ್ಯಂತ ಅಪಾಯದ ಗಳಿಗೆ ಇದು. ಬಿದ್ದವನಿಗೆ ನೆಲಕ್ಕಿಂತ ಹಿಂದಿನಿಂದ ಬರುವವರ ಭಯವೇ ದೊಡ್ಡದು. ಆತ ಹೊರಬದಿಯನ್ನು ಹಿಡಿದು, ಒಂದು ಸ್ಥಾನ ಕಳೆದುಕೊಂಡರೂ ಸರಿಯೆಂದು, ತನಗೊಂದು ತೆರಪನ್ನು ಮಾಡಿಕೊಂಡ.

ಎರಡನೆಯ ಸುತ್ತಿನಲ್ಲಿ ಸಾಲು ಬಿಡಿಬಿಡಿಯಾಯಿತು. ಇನ್ನು ಆತನ ಮುಂದಿದ್ದದ್ದು ಪಥ ಮಾತ್ರ. ಬಿದ್ದ ತಿರುವು ಬಂತು. ಬಣ್ಣ ಮಾಸಿದ ಕಲ್ಲು ಕಂಡಿತು, ಬ್ರೇಕು ಹಿಡಿದ, ಬಾಗುವಷ್ಟರಲ್ಲಿ ಬೆರಳನ್ನು ಸಡಿಲಿಸಿದ, ಕಣ್ಣನ್ನು ನೆಲದಿಂದೆತ್ತಿ ತಿರುವಿನ ಕೊನೆಯ ಕಡೆಗೆ ನೆಟ್ಟ. ಸವಾರಿಯ ಹಳೆಯ ಪಾಠ ಅದು: ಕಣ್ಣು ಎಲ್ಲಿಗೆ ಹೋಗುವುದೋ ಗಾಡಿಯೂ ಅಲ್ಲಿಗೇ ಹೋಗುತ್ತದೆ. ಹಳ್ಳವನ್ನು ನೋಡಿದವನು ಹಳ್ಳಕ್ಕೆ ಬೀಳುತ್ತಾನೆ. ಗಾಡಿ ದಾರದಲ್ಲಿ ಕಟ್ಟಿ ಎಳೆದಂತೆ ತಿರುವನ್ನು ದಾಟಿತು.

ಮೂರನೆಯ ಸುತ್ತಿನಲ್ಲಿ ಇಬ್ಬರನ್ನು ದಾಟಿದ. ನಾಲ್ಕನೆಯದರಲ್ಲಿ ಒಬ್ಬ ತಾನೇ ತಪ್ಪಿ ಮಣ್ಣಿಗೆ ಹೋದ. ಎದ್ದು ನಿಂತು ಕೈಯೆತ್ತಿದುದು ಕಂಡಿತು. ಐದನೆಯ ಸುತ್ತಿನ ಕೊನೆಗೆ ಆತ ಹನ್ನೊಂದನೆಯವನು. ಮುಂದೆ ಹತ್ತನೆಯವನಾಗಿ ಸಾಗುತ್ತಿದ್ದವನು ನಿನ್ನೆ ಬ್ರೇಕಿನ ಹಿಡಿಯನ್ನು ಕೊಟ್ಟ ಹುಡುಗ.

ಕೊನೆಯ ಸುತ್ತಿನಲ್ಲಿ ಅದೇ ತಿರುವು ಮತ್ತೆ ಬಂತು. ಅಂತರ ಒಂದು ಗಾಡಿಯಷ್ಟು ಉದ್ದ. ಇನ್ನು ಹತ್ತು ಮೀಟರು ತಡೆದು ಬ್ರೇಕು ಹಿಡಿದರೆ ಹತ್ತನೆಯ ಸ್ಥಾನ. ಹತ್ತನೆಯ ಸ್ಥಾನಕ್ಕೆ ಬಟ್ಟಲಿಲ್ಲ, ಹಾರವಿಲ್ಲ; ಆದರೂ ಆ ವೇಗದಲ್ಲಿ ಮನುಷ್ಯನ ಮನಸ್ಸು ಬಟ್ಟಲಿಗಾಗಿ ಆಸೆಪಡುವುದಿಲ್ಲ, ಮುಂದಿರುವ ಬೆನ್ನಿಗಾಗಿ ಆಸೆಪಡುತ್ತದೆ. ಕಲ್ಲು ಬಂತು. ಆತ ಬ್ರೇಕು ಹಿಡಿದ.

ಮುಂದಿನವನು ತಪ್ಪಲಿಲ್ಲ, ಜಾರಲಿಲ್ಲ, ದಾರಿ ಬಿಡಲಿಲ್ಲ. ಚೌಕಳಿ ಬಾವುಟದ ಕೆಳಗೆ ಇಬ್ಬರೂ ಅಷ್ಟೇ ಅಂತರದಲ್ಲಿ ದಾಟಿದರು. ಆತ ಹನ್ನೊಂದನೆಯವನೇ ಆದ.

ಕಾಲದ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ಎಲ್ಲರೂ ಮೊದಲ ಮೂರು ಹೆಸರುಗಳನ್ನು ನೋಡಿದರು. ಆತ ಹನ್ನೊಂದನೆಯ ಸಾಲಿನ ಕೊನೆಯ ಅಂಕಿಯನ್ನು ಮಾತ್ರ ನೋಡಿದ: 2 ನಿಮಿಷ 11.8 ಸೆಕೆಂಡು. ನಿನ್ನೆಗಿಂತ 2.8 ಸೆಕೆಂಡು ಕಡಮೆ. ಮಾತಿನಲ್ಲಿ ಇದು ಏನೂ ಅಲ್ಲ; ಒಂದು ಆಕಳಿಕೆಯ ಅವಧಿ. ಆ ವೇಗದಲ್ಲಿ ಅದು ಸುಮಾರು 80 ಮೀಟರುಗಳ ಅಂತರ. ಶನಿವಾರ ಬೆಳಗಿನ ತಾನೇ ಭಾನುವಾರ ಜೊತೆಯಲ್ಲಿ ಓಡಿದ್ದರೆ, ಒಂದೇ ಸುತ್ತಿನಲ್ಲಿ ಅಷ್ಟು ದೂರ ಹಿಂದೆ ಉಳಿಯುತ್ತಿದ್ದ. ಇನ್ನೊಬ್ಬನ ಹಿಂದೆ ಬಿದ್ದು ಗಳಿಸಲಾಗದ ವೇಗ, ತನ್ನ ಗುರುತಿಗೆ ತಾನು ನಿಂತಾಗ ತಾನಾಗಿಯೇ ಬಂದಿತ್ತು.

ಕೊಯಮತ್ತೂರಿನ ಹುಡುಗ ಬಂದು ನಕ್ಕು ಕೈಕುಲುಕಿದ. ಹಿಡಿಯನ್ನು ಹಿಂದಿರುಗಿಸಲು ಹೋದರೆ ಬೇಡವೆಂದು ತಲೆಯಾಡಿಸಿದ. ಮುಂದಿನ ಸಲ ತನಗೆ ಬೇಕಾದೀತು, ಆಗ ಕೊಟ್ಟರಾಯಿತು ಎಂದು ಸನ್ನೆ ಮಾಡಿದ.

ಆತ ಮನೆಗೆ ಫೋನು ಮಾಡಿದ. ಎಷ್ಟನೆಯ ಸ್ಥಾನ ಎಂದು ಮಡದಿ ಕೇಳಲಿಲ್ಲ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದಷ್ಟೇ ಕೇಳಿದಳು.

ಸೋಮವಾರ

ಸೋಮವಾರ ಬೆಳಗ್ಗೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡ ತರುಣ ತನ್ನ ಸ್ಕೂಟರನ್ನೇರಿ ಕಚೇರಿಗೆ ಹೊರಡುತ್ತಾನೆ. ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರು ಸಾಗಿದರೆ ಅದೇ ಪುಣ್ಯ. ಹಿಂದಿನಿಂದ ಹದಿನೆಂಟರ ಹುಡುಗನೊಬ್ಬ ಹೊಸ ಮೋಟಾರು ಸೈಕಲ್ಲಿನ ಮೇಲೆ ಬಸ್ಸಿಗೂ ಲಾರಿಗೂ ನಡುವೆ ನುಸುಳಿ, ಹಾರ್ನು ಹೊಡೆಯುತ್ತ ಬರುತ್ತಾನೆ. ಹೆಲ್ಮೆಟ್ಟು ತಲೆಯ ಮೇಲಿಲ್ಲ, ಮೊಣಕೈಗೆ ತೂಗುಹಾಕಿದೆ. ರಾತ್ರಿಯ ಹೊತ್ತು ನಗರದ ಹೊರವಲಯದ ರಸ್ತೆಗಳಲ್ಲಿ ಮುಂದಿನ ಚಕ್ರವನ್ನೆತ್ತಿ ಓಡಿಸುವ ಗುಂಪಿನಲ್ಲಿ ಈತನೂ ಇರಬಹುದು. ಅಲ್ಲಿ ಹಳದಿ ಬಾವುಟ ಬೀಸುವವರಿಲ್ಲ. ಎದುರಿನಿಂದ ಬರುವ ಲಾರಿಗೆ ಪಂದ್ಯದ ವಿಷಯ ತಿಳಿದಿರುವುದಿಲ್ಲ. ಬಿದ್ದರೆ ಕಾದು ನಿಂತ ವೈದ್ಯರೂ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ಮಗ ಮೋಟಾರು ಸೈಕಲ್ಲು ಕೇಳಿದೊಡನೆ ತಾಯಿತಂದೆಯರ ಎದೆ ಹೊಡೆದುಕೊಳ್ಳುವುದು ಸಹಜ. ವೇಗದ ಆಸೆಯನ್ನು ಬೈದು ಓಡಿಸಲು ಯಾವ ತಂದೆಯಿಂದಲೂ ಆದಂತಿಲ್ಲ. ಆದರೆ ಆ ಆಸೆಗೂ ಒಂದು ತಾಣವಿದೆ, ಒಂದು ಹೊತ್ತಿದೆ, ಒಂದು ಶಿಸ್ತಿದೆ ಎಂಬುದನ್ನು ಕಲಿಸಬಹುದು. ಪಂದ್ಯಪಥ ಕಲಿಸುವ ಮೊದಲ ಪಾಠ ಗಾಡಿಯನ್ನು ಓಡಿಸುವುದಲ್ಲ, ಎಲ್ಲಿ ನಿಲ್ಲಿಸಬೇಕೆಂಬುದು.

ಹುಡುಗ ಹತ್ತಿರ ಬಂದು ಮತ್ತೊಮ್ಮೆ ಹಾರ್ನು ಹೊಡೆದ. ಹಿಂದಿನ ದಿನವಷ್ಟೇ ಹದಿನೆಂಟು ಮಂದಿಯೊಡನೆ ಪಂದ್ಯ ಹೂಡಿದ್ದ ಸವಾರ ಸ್ಕೂಟರನ್ನು ಎಡಕ್ಕೆ ಒತ್ತರಿಸಿ, ವೇಗ ತಗ್ಗಿಸಿ, ಅವನಿಗೆ ದಾರಿ ಬಿಟ್ಟ. ಮುಂದಿನ ದೀಪದ ಬಳಿ ಇಬ್ಬರೂ ಅಕ್ಕಪಕ್ಕದಲ್ಲಿ ನಿಲ್ಲಬೇಕಾಗಿ ಬಂತು. ಹುಡುಗನ ಮೊಣಕೈಗೆ ತೂಗುತ್ತಿದ್ದ ಹೆಲ್ಮೆಟ್ಟನ್ನು ತೋರಿಸಿ ಆತ ಹೇಳಿದ:

“ತಮ್ಮಾ, ಅದನ್ನು ತಲೆಗೆ ಹಾಕಿಕೊಳ್ಳಪ್ಪ. ಮೊಣಕೈ ತರಚಿದರೆ ಮೂರು ದಿನಕ್ಕೆ ವಾಸಿಯಾಗುತ್ತದೆ.”

ಹುಡುಗ ಆತನ ಕೈಗೆ ಕಟ್ಟಿದ್ದ ಪಟ್ಟಿಯನ್ನು ಒಮ್ಮೆ ನೋಡಿದ. ಆಮೇಲೆ ಹೆಲ್ಮೆಟ್ಟನ್ನು ಬಿಚ್ಚಿ ತಲೆಗೆ ಹಾಕಿಕೊಂಡ. ದೀಪ ಹಸಿರಾಯಿತು.